ಕಾರ್ ಶೋರೂಮ್ ಮತ್ತು ಅಂಗಡಿಗಳು ಒಂದೇ ಕಟ್ಟಡದಲ್ಲಿ: ಪ್ಲಾನ್ ಎಲ್ಲಿಂದ ಶುರು ಮಾಡಬೇಕು?

"ರಸ್ತೆ ಪಕ್ಕ ಒಳ್ಳೆಯ ಜಾಗ ಇದೆ. ಕೆಳಗೆ ಕಾರ್ ಶೋರೂಮ್, ಪಕ್ಕದಲ್ಲೂ ಮೇಲೂ ಬಾಡಿಗೆ ಅಂಗಡಿಗಳು. ಎಲ್ಲಿಂದ ಶುರು ಮಾಡಲಿ?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತಿದೆ. ಕೇಳುವವರಲ್ಲಿ ಜಾಗದ ಮಾಲೀಕರಿದ್ದಾರೆ, ಈಗಷ್ಟೇ ಕೆಲಸಕ್ಕೆ ಇಳಿದ ಆರ್ಕಿಟೆಕ್ಟ್‌ಗಳೂ ಇದ್ದಾರೆ. ಹೆಚ್ಚಿನವರು ಮೊದಲು ಕಟ್ಟಡದ ಮುಂಭಾಗದ ಚಿತ್ರ ತೋರಿಸುತ್ತಾರೆ. ದೊಡ್ಡ ಗಾಜು, ಒಳಗೆ ಹೊಳೆಯುವ ಕಾರು, ಮೇಲೆ ಅಂಗಡಿಗಳ ಬೋರ್ಡು. ಚಿತ್ರ ಚೆನ್ನಾಗಿಯೇ ಇರುತ್ತದೆ. ಆದರೆ ಆ ಕಾರು ಗಾಜಿನ ಒಳಗೆ ಯಾವ ದಾರಿಯಿಂದ ಬಂತು ಅಂತ ಕೇಳಿದರೆ ಉತ್ತರ ಇರುವುದಿಲ್ಲ.

ಈ ಬಗೆಯ ಕಟ್ಟಡದಲ್ಲಿ ಮೊದಲು ಬರೆಯಬೇಕಾದ್ದು ಕಾರಿನ ದಾರಿ. ಅದಾದ ಮೇಲೆ ಜನರ ದಾರಿ. ಗೋಡೆ, ಕಂಬ, ಗಾಜು ಎಲ್ಲ ಆಮೇಲೆ. ಕೆಳಗಿನ ಹಂತಗಳು ಇದೇ ಕ್ರಮದಲ್ಲಿವೆ.

ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದ್ದು

ಜಾಗದ ಸರ್ವೆ ನಕ್ಷೆ ಬೇಕು. ಅದರಲ್ಲಿ ಗಡಿಯ ಅಳತೆ ಮಾತ್ರ ಇದ್ದರೆ ಸಾಲದು, ನೆಲದ ಏರುತಗ್ಗು ಕೂಡ ಇರಬೇಕು. ರಸ್ತೆಗೂ ನಿಮ್ಮ ನೆಲಕ್ಕೂ ಅರ್ಧ ಮೀಟರ್ ವ್ಯತ್ಯಾಸ ಇದ್ದರೂ ಕಾರಿನ ದಾರಿ ಬದಲಾಗುತ್ತದೆ. ಮಣ್ಣಿನ ಪರೀಕ್ಷೆ ವರದಿ ಬೇಕು. ನಿಮ್ಮ ಊರಿನ ಕಟ್ಟಡ ನಿಯಮಗಳು ಬೇಕು: ಸೆಟ್‌ಬ್ಯಾಕ್, ಅಂದರೆ ಗಡಿಯಿಂದ ಬಿಡಬೇಕಾದ ಖಾಲಿ ಜಾಗ, ಎಫ್‌ಎಆರ್, ಅಂದರೆ ಜಾಗದ ವಿಸ್ತೀರ್ಣಕ್ಕೆ ಹೋಲಿಸಿ ಒಟ್ಟು ಎಷ್ಟು ಕಟ್ಟಬಹುದು ಎಂಬ ಲೆಕ್ಕ, ಪಾರ್ಕಿಂಗ್ ಎಷ್ಟು ಕಡ್ಡಾಯ, ಅಗ್ನಿಶಾಮಕ ವಾಹನಕ್ಕೆ ಎಷ್ಟು ಅಗಲದ ದಾರಿ.

ಕಾರ್ ಕಂಪನಿ ಈಗಾಗಲೇ ಗೊತ್ತಾಗಿದ್ದರೆ ಅವರ ಬ್ರ್ಯಾಂಡ್ ಮ್ಯಾನುಯಲ್ ಕೂಡ ತರಿಸಿಕೊಳ್ಳಿ. ಶೋರೂಮಿನ ಮುಂಭಾಗ, ಟೈಲ್ಸ್, ದೀಪ, ಪೀಠೋಪಕರಣ, ಬೋರ್ಡು ಹೀಗೇ ಇರಬೇಕು ಎಂದು ಕಂಪನಿ ಹೇಳುವ ನಿಯಮಗಳ ಪುಸ್ತಕ ಅದು. ಪ್ಲಾನ್ ಮುಗಿದ ಮೇಲೆ ಅದು ಕೈಗೆ ಬಂದರೆ ಅರ್ಧ ಕೆಲಸ ಮತ್ತೆ ಮಾಡಬೇಕಾಗುತ್ತದೆ.

ಹಂತ 1: ಯಾವ ಬಗೆಯ ಶೋರೂಮ್ ಅಂತ ತೀರ್ಮಾನಿಸಿ

ಈ ವ್ಯಾಪಾರದಲ್ಲಿ "3ಎಸ್" ಎನ್ನುವ ಮಾತು ಓಡಾಡುತ್ತದೆ. ಸೇಲ್ಸ್, ಸರ್ವಿಸ್, ಸ್ಪೇರ್ಸ್, ಅಂದರೆ ಮಾರಾಟ, ರಿಪೇರಿ, ಬಿಡಿಭಾಗ ಮೂರೂ ಒಂದೇ ಕಡೆ. ನಿಮ್ಮ ಕಟ್ಟಡದಲ್ಲಿ ಮೂರೂ ಬೇಕಾ, ಬರೀ ಮಾರಾಟ ಸಾಕಾ? ಎಲ್ಲಕ್ಕಿಂತ ದೊಡ್ಡ ತೀರ್ಮಾನ ಇದೇ.

ಅಂಗಡಿಗಳು ಜೊತೆಗಿದ್ದರೆ ಪೂರ್ತಿ ವರ್ಕ್‌ಶಾಪ್ ಬೇಡ ಅನ್ನುವುದು ನನ್ನ ಸಲಹೆ. ತಗಡು ಬಡಿಯುವ ಶಬ್ದ, ಪೇಂಟಿನ ವಾಸನೆ, ಎಣ್ಣೆ ಬೆರೆತ ನೀರು ಇವು ಯಾವುದೂ ಬಟ್ಟೆ ಅಂಗಡಿಗೋ ಕಾಫಿ ಕುಡಿಯುವ ಜಾಗಕ್ಕೋ ಹೊಂದುವುದಿಲ್ಲ. ಪೇಂಟ್ ಬೂತ್‌ನಲ್ಲಿ ಬೇಗ ಹೊತ್ತಿಕೊಳ್ಳುವ ಆವಿ ಇರುತ್ತದೆ. ಹಾಗಾಗಿ ಬೆಂಕಿಯ ನಿಯಮಗಳೂ ಬಿಗಿ. ಚಿಕ್ಕಪುಟ್ಟ ಸರ್ವಿಸ್ ಮಾತ್ರ ಇಲ್ಲಿಟ್ಟು, ಬಾಡಿ ಮತ್ತು ಪೇಂಟ್ ಕೆಲಸವನ್ನು ಬೇರೆ ಜಾಗಕ್ಕೆ ಕಳಿಸುವುದು ಒಳ್ಳೆಯದು. ಸರ್ವಿಸ್ ಬೇಕೇ ಬೇಕು ಅಂದರೆ ಒಂದು ಕಾರು ನಿಲ್ಲಿಸಿ ಕೆಲಸ ಮಾಡುವ ಒಂದೊಂದು ಜಾಗಕ್ಕೂ ಸುಮಾರು 4 ಮೀಟರ್ ಅಗಲ, 7 ಮೀಟರ್ ಉದ್ದ ಇಟ್ಟುಕೊಳ್ಳಿ. ಹಾಯ್ಸ್ಟ್‌ನಲ್ಲಿ ಕಾರನ್ನು ಮೇಲೆತ್ತಬೇಕಲ್ಲ, ಅದಕ್ಕೆ 4.5 ಮೀಟರಿಗೆ ಕಡಿಮೆಯಿಲ್ಲದ ಎತ್ತರ ಬೇಕು.

ಜಾಗದ ಲೆಕ್ಕ ಹೀಗೆ. ಕಾರು ಸಾಧಾರಣವಾಗಿ 4ರಿಂದ 5 ಮೀಟರ್ ಉದ್ದ, 1.7ರಿಂದ 2 ಮೀಟರ್ ಅಗಲ. ಅಂದರೆ ಅದು ನಿಲ್ಲುವ ಜಾಗ 10 ಚದರ ಮೀಟರ್ ದಾಟುವುದಿಲ್ಲ. ಆದರೆ ಪ್ರದರ್ಶನಕ್ಕೆ ಇಟ್ಟ ಕಾರಿನ ನಾಲ್ಕೂ ಬಾಗಿಲು ತೆರೆಯಬೇಕು, ಡಿಕ್ಕಿ ತೆರೆಯಬೇಕು, ಮನೆಮಂದಿಯೆಲ್ಲ ಸುತ್ತ ಓಡಾಡಬೇಕು, ನಾಲ್ಕು ಹೆಜ್ಜೆ ಹಿಂದೆ ಹೋಗಿ ಪೂರ್ತಿ ಕಾರನ್ನು ನೋಡಬೇಕು. ಒಂದು ಕಾರಿಗೆ 40ರಿಂದ 50 ಚದರ ಮೀಟರ್ ಹಿಡಿಯಿರಿ. ಹತ್ತು ಕಾರು ಅಂದರೆ ಪ್ರದರ್ಶನಕ್ಕೇ 400-500 ಚದರ ಮೀಟರ್. ಮಾತುಕತೆಯ ಮೇಜು, ಕಾಯುವ ಜಾಗ, ಶೌಚಾಲಯ, ಕಚೇರಿ, ಹೊಸ ಕಾರು ಹಸ್ತಾಂತರದ ಕೋಣೆ ಇವೆಲ್ಲ ಬೇರೆ.

ಹಸ್ತಾಂತರದ ಕೋಣೆಯನ್ನು ಮೂಲೆಗೆ ತಳ್ಳಬೇಡಿ. ಅಲ್ಲಿಗೆ ಬರುವವರು ತಿಂಗಳುಗಟ್ಟಲೆ ಯೋಚಿಸಿ, ಸಾಲ ಮಾಡಿ ಕಾರು ಕೊಂಡಿರುತ್ತಾರೆ. ಅವರಿಗೆ ಅದು ದೊಡ್ಡ ದಿನ. ಜರ್ಮನಿಯ ಮ್ಯೂನಿಕ್‌ನಲ್ಲಿ 2007ರಲ್ಲಿ ತೆರೆದ ಬಿಎಂಡಬ್ಲ್ಯು ವೆಲ್ಟ್ ಎಂಬ ದೊಡ್ಡ ಕಟ್ಟಡದ ನಡುವೆ ಇರುವುದೇ ಕಾರು ಹಸ್ತಾಂತರದ ವೇದಿಕೆ. ಅಷ್ಟು ದೊಡ್ಡದು ನಿಮಗೆ ಬೇಡ. 6 ಮೀಟರ್ ಅಗಲ, 8 ಮೀಟರ್ ಉದ್ದದ ಒಂದು ಒಳ್ಳೆಯ ಬೆಳಕಿನ ಕೋಣೆ ಸಾಕು. ಅಲ್ಲಿಂದ ಕಾರು ರಿವರ್ಸ್ ತೆಗೆಯದೆ ನೇರವಾಗಿ ಹೊರಗೆ ಹೋಗುವಂತಿರಲಿ. ಹೊಸ ಕಾರಿನ ಸ್ಟಿಯರಿಂಗ್ ಹಿಡಿದ ಮೊದಲ ನಿಮಿಷದಲ್ಲೇ ಇಕ್ಕಟ್ಟಿನಲ್ಲಿ ಹಿಂದೆ ಹೋಗಬೇಕಾದರೆ ಯಾರಿಗಾದರೂ ಎದೆ ಡವಡವ ಅನ್ನುತ್ತದೆ.

ಹಂತ 2: ಬಣ್ಣದ ಪೆನ್ಸಿಲ್ ಹಿಡಿದು ದಾರಿಗಳನ್ನು ಬರೆಯಿರಿ

ಸರ್ವೆ ನಕ್ಷೆಯ ಮೇಲೆ ತೆಳು ಕಾಗದ ಹಾಸಿ. ಐದು ಬಣ್ಣದಲ್ಲಿ ಐದು ದಾರಿ ಎಳೆಯಿರಿ.

1. ಹೊಸ ಕಾರುಗಳನ್ನು ಹೊತ್ತು ತರುವ ಟ್ರೇಲರ್ ಲಾರಿ.
2. ಪ್ರದರ್ಶನದ ಕಾರು: ಲಾರಿಯಿಂದ ಇಳಿದು ಶೋರೂಮಿನ ಒಳಗೆ ತನ್ನ ಜಾಗ ಸೇರುವ ತನಕ.
3. ಟೆಸ್ಟ್ ಡ್ರೈವ್ ಕಾರು.
4. ಗ್ರಾಹಕರ ಕಾರು: ರಸ್ತೆಯಿಂದ ಪಾರ್ಕಿಂಗ್‌ಗೆ, ಮತ್ತೆ ವಾಪಸ್.
5. ನಡೆದು ಬರುವವರು. ಇದರ ಜೊತೆಗೇ ಅಂಗಡಿಗಳಿಗೆ ಮಾಲು ತರುವ ಗಾಡಿಯ ದಾರಿಯನ್ನೂ ಚುಕ್ಕಿ ಗೆರೆಯಲ್ಲಿ ಹಾಕಿ.

ಈಗ ಗೆರೆಗಳು ಎಲ್ಲೆಲ್ಲಿ ಒಂದನ್ನೊಂದು ದಾಟುತ್ತವೆ ನೋಡಿ. ಪ್ರತಿ ದಾಟುವಿಕೆಗೂ ಒಂದು ಸುತ್ತು ಹಾಕಿ. ಐದನೇ ಗೆರೆಯನ್ನು ಬೇರೆ ಯಾವ ಗೆರೆ ದಾಟಿದರೂ ಅಲ್ಲಿ ಅಪಾಯ ಇದೆ. ಟೆಸ್ಟ್ ಡ್ರೈವ್ ಕಾರು ಓಡಿಸುವವರಿಗೆ ಆ ಕಾರು ಹೊಸತು, ಆ ಜಾಗವೂ ಹೊಸತು. ಅಂಥವರು ಅಂಗಡಿ ಮುಂದಿನ ಕಾಲುದಾರಿ ದಾಟಿ ಹೋಗುವಂತೆ ಮಾಡಲೇಬಾರದು. ಸುತ್ತುಗಳು ಕಡಿಮೆಯಾಗುವ ತನಕ ಗೆರೆಗಳನ್ನು ಮತ್ತೆ ಮತ್ತೆ ಎಳೆಯಿರಿ. ಇದಕ್ಕೆ ಒಂದು ವಾರ ಹೋದರೂ ಹೋಗಲಿ. ಗೋಡೆ ಎದ್ದ ಮೇಲೆ ಇದನ್ನು ಸರಿಮಾಡಲು ಆಗುವುದಿಲ್ಲ.

ಟ್ರೇಲರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಎಲ್ಲರೂ ಮರೆಯುವುದು ಇದನ್ನೇ. ಅದು 15ರಿಂದ 20 ಮೀಟರ್ ಉದ್ದ ಇರುತ್ತದೆ. ಮೇಲೂ ಕಾರು ತುಂಬಿದಾಗ 4 ಮೀಟರಿಗಿಂತ ಎತ್ತರ. ತಿರುಗುವಾಗ ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ಜಾಡಿನಲ್ಲಿ ಬರುವುದಿಲ್ಲ, ಒಳಗಡೆಗೆ ಸರಿದು ಬರುತ್ತವೆ. ಲಾರಿ ತಿರುಗುವಾಗ ಅದರ ಮೈ ಒಟ್ಟು ಎಷ್ಟು ಜಾಗ ತಿನ್ನುತ್ತದೋ ಅದಕ್ಕೆ "ಸ್ವೆಪ್ಟ್ ಪಾತ್" ಅನ್ನುತ್ತಾರೆ. ಸುಮ್ನೆ ಒಂದು ಗೆರೆ ಎಳೆದು "ಲಾರಿ ಇಲ್ಲಿ ತಿರುಗುತ್ತೆ" ಅಂದರೆ ಆಗಲ್ಲ. ಹೊರ ಅಂಚಿಗೆ 12.5 ಮೀಟರ್ ತ್ರಿಜ್ಯ ಹಿಡಿದು ಶುರು ಮಾಡಿ, ಆಮೇಲೆ ಸಾಫ್ಟ್‌ವೇರ್‌ನಲ್ಲಿ ಸ್ವೆಪ್ಟ್ ಪಾತ್ ಹಾಕಿಸಿ ನೋಡಿ. ಜಾಗ ಸಾಲದಿದ್ದರೆ ಒಪ್ಪಿಕೊಳ್ಳಿ. ಬೇರೆ ಯಾರ್ಡ್‌ನಲ್ಲಿ ಕಾರುಗಳನ್ನು ಇಳಿಸಿ ಒಂದೊಂದಾಗಿ ಓಡಿಸಿ ತರಬಹುದು. ಬೇಡವಾದದ್ದು ಏನೆಂದರೆ, ಲಾರಿಯನ್ನು ಮುಖ್ಯರಸ್ತೆಯಲ್ಲಿ ನಿಲ್ಲಿಸಿ ಕಾರು ಇಳಿಸುವುದು.

ಹಂತ 3: ಕಂಬಗಳ ಲೆಕ್ಕ

ನೆಲಮಾಳಿಗೆಯಲ್ಲಿ ಪಾರ್ಕಿಂಗ್, ಅದರ ಮೇಲೆ ಶೋರೂಮ್, ಅದರ ಮೇಲೆ ಅಂಗಡಿ. ಮೂರಕ್ಕೂ ಒಂದೇ ಕಂಬ. ಮೂರಕ್ಕೂ ಹೊಂದುವ ಅಂತರವನ್ನು ಪಾರ್ಕಿಂಗ್‌ನಿಂದ ಲೆಕ್ಕ ಹಾಕುವುದು ಸುಲಭ.

ಒಂದು ಕಾರಿಗೆ 2.5 ಮೀಟರ್ ಅಗಲ. ಮೂರು ಕಾರಿಗೆ 7.5. ಕಂಬದ ದಪ್ಪ 0.6 ಅಥವಾ 0.7 ಸೇರಿಸಿ. 8.1ರಿಂದ 8.2 ಮೀಟರ್ ಆಯಿತು. ಇನ್ನೊಂದು ದಿಕ್ಕಿನಲ್ಲಿ ನೋಡಿ: ಒಂದು ಸಾಲು ಕಾರಿಗೆ 5.2 ಮೀಟರ್, ನಡುವೆ ಓಡಾಟಕ್ಕೆ 6 ಮೀಟರ್, ಆಚೆ ಸಾಲಿಗೆ 5.2. ಒಟ್ಟು 16.4. ಅದರ ಅರ್ಧ 8.2! ಅಂದರೆ 8.2 ಮೀಟರಿನ ಚೌಕಗಳಲ್ಲಿ ಕಂಬ ಹಾಕಿದರೆ ಎರಡೂ ದಿಕ್ಕಿಗೆ ಸರಿಹೊಂದುತ್ತದೆ.

ಆದರೆ ಒಂದು ಸೂಕ್ಷ್ಮ ಇದೆ. ಕಂಬದ ಸಾಲನ್ನು ಗೋಡೆಯಿಂದಲೇ ಎಣಿಸಲು ಶುರು ಮಾಡಿದರೆ ಎರಡನೇ ಸಾಲು ಓಡಾಟದ ದಾರಿಯ ನಟ್ಟನಡುವೆ ಬಂದು ನಿಲ್ಲುತ್ತದೆ. ಹಾಗಾಗಿ ಮೊದಲ ಸಾಲನ್ನು ಗೋಡೆಯಿಂದ 4.1 ಮೀಟರ್‌ಗೆ ಇಡಿ. ಎರಡನೆಯದು 12.3ಕ್ಕೆ ಬರುತ್ತದೆ. ಎರಡೂ ಕಂಬಗಳು ಓಡಾಟದ ದಾರಿಯ ಅಂಚಿನಿಂದ ಸುಮಾರು 1 ಮೀಟರ್ ಒಳಗೆ, ಎರಡು ಕಾರುಗಳ ನಡುವೆ ಅಡಗಿಕೊಳ್ಳುತ್ತವೆ. ಕಾರು ತಿರುಗುವಾಗ ಕಂಬ ಅಡ್ಡ ಬರುವುದಿಲ್ಲ. ಬಾಗಿಲು ಇರುವುದು ಕಾರಿನ ನಡುಭಾಗದಲ್ಲಿ, ಆದ್ದರಿಂದ ತೆರೆದ ಬಾಗಿಲು ಕಂಬಕ್ಕೆ ತಗಲುವ ಸಂಭವವೂ ಕಡಿಮೆ.

ಮೇಲಿನ ಮಹಡಿಗಳಿಗೂ ಈ ಅಂತರ ಒಳ್ಳೆಯದೇ. 8.2 ಮೀಟರ್ ಅಂತರದಲ್ಲಿ ಒಂದು ದೊಡ್ಡ ಅಂಗಡಿ ಬರುತ್ತದೆ, ಇಲ್ಲವೇ ನಾಲ್ಕು ಮೀಟರಿನ ಎರಡು ಚಿಕ್ಕ ಅಂಗಡಿ. ಶೋರೂಮಿನಲ್ಲಿ ನೋಟಕ್ಕೆ ಅಡ್ಡ ಬರುವ ಒಂದೆರಡು ಕಂಬ ತೆಗೆಯಬೇಕು ಅಂತ ಆಸೆ ಆಗುತ್ತದೆ. ತೆಗೆಯಬಹುದು. ಅದಕ್ಕೆ ಟ್ರಾನ್ಸ್‌ಫರ್ ಬೀಮ್ ಬೇಕು, ಅಂದರೆ ಮೇಲಿನ ಕಂಬದ ಭಾರವನ್ನು ಹೊತ್ತು ಪಕ್ಕದ ಕಂಬಗಳಿಗೆ ದಾಟಿಸುವ ದಪ್ಪ ತೊಲೆ. ಖರ್ಚು ಜಾಸ್ತಿ, ಎತ್ತರವನ್ನೂ ತಿನ್ನುತ್ತದೆ. ರಸ್ತೆಗೆ ಎದುರಾದ ಮೂಲೆಯ ಒಂದು ಕಂಬಕ್ಕೆ ಬೇಕಾದರೆ ಮಾಡಿ. ಎಲ್ಲಾ ಕಡೆ ಬೇಡ.

ಹಂತ 4: ಸೆಕ್ಷನ್ ಬರೆಯದೆ ಮುಂದೆ ಹೋಗಬೇಡಿ

ಕಟ್ಟಡವನ್ನು ಕೇಕಿನ ಹಾಗೆ ಮೇಲಿಂದ ಕೆಳಗೆ ಕತ್ತರಿಸಿ ಪಕ್ಕದಿಂದ ನೋಡಿದರೆ ಕಾಣುವ ನಕ್ಷೆಗೆ ಸೆಕ್ಷನ್ ಅನ್ನುತ್ತಾರೆ. ಈ ಕಟ್ಟಡದ ಜಗಳಗಳೆಲ್ಲ ಇರುವುದು ಅಲ್ಲೇ.

ನೆಲಮಾಳಿಗೆಗೆ ಒಂದು ನೆಲದಿಂದ ಮೇಲಿನ ನೆಲಕ್ಕೆ 3.6 ಮೀಟರ್ ಇಟ್ಟಿರಿ ಅಂದುಕೊಳ್ಳಿ. ತೊಲೆಗೆ 0.8 ಹೋಯಿತು. ಬೆಂಕಿ ಬಿದ್ದಾಗ ನೀರು ಚಿಮ್ಮುವ ಸ್ಪ್ರಿಂಕ್ಲರ್‌ಗಳ ಪೈಪು, ಗಾಳಿಯ ಡಕ್ಟ್, ಕೇಬಲ್ ಟ್ರೇ ಸೇರಿ 0.3 ಅಥವಾ 0.4. ಉಳಿದದ್ದು ಬರೀ 2.4. ಅದರ ಮೇಲೆ ಯಾರಾದರೂ ಮೇಲಿನ ಅಂಗಡಿಯ ಶೌಚಾಲಯದ ಕೊಳಾಯಿಯನ್ನು ಇಳಿಜಾರಾಗಿ ಎಳೆದರೆ ಮೇಲೆ ಸಾಮಾನು ಕಟ್ಟಿದ ಎತ್ತರದ ಗಾಡಿಯ ತಲೆಗೆ ಪೈಪು ಬಡಿಯುತ್ತದೆ. ಕೊಳಾಯಿಗಳು ಎಲ್ಲಿ ಇಳಿಯಬೇಕು ಅನ್ನುವುದನ್ನು ಈಗಲೇ ಗುರುತು ಹಾಕಿ.

ಶೋರೂಮಿಗೆ ಫಾಲ್ಸ್ ಸೀಲಿಂಗ್ ಕೆಳಗೆ 4.5 ಮೀಟರ್ ಸಿಕ್ಕರೆ ಒಳ್ಳೆಯದು. ಹಾಗಾಗಿ ನೆಲದಿಂದ ನೆಲಕ್ಕೆ 6 ಮೀಟರ್ ಇಡುತ್ತಾರೆ. ಅಂಗಡಿಗೆ ಅಷ್ಟು ಬೇಡ, 4.2ರಿಂದ 4.5 ಸಾಕು. ಎರಡೂ ಒಂದೇ ಮಹಡಿಯಲ್ಲಿ ಪಕ್ಕಪಕ್ಕ ಇದ್ದರೆ ಏನು ಮಾಡುವುದು? ಅಂಗಡಿಗಳಿಗೂ 6 ಮೀಟರ್ ಕೊಟ್ಟು, ಹಿಂಭಾಗದಲ್ಲಿ ಅಟ್ಟದಂಥ ಮೆಜನೈನ್ ಹಾಕಿಕೊಳ್ಳಲು ಬಿಡಿ. ಮೇಲಿನ ಮಹಡಿಯ ನೆಲ ಒಂದೇ ಮಟ್ಟದಲ್ಲಿ ಉಳಿಯುತ್ತದೆ. ಅದು ಬಿಟ್ಟು ಅರ್ಧ ಮಹಡಿ ಮೇಲೆ, ಅರ್ಧ ಕೆಳಗೆ ಮಾಡಿದರೆ ಗಾಲಿಕುರ್ಚಿಯಲ್ಲಿ ಬರುವವರಿಗೆ ಪ್ರತಿ ಕಡೆ 1:12ರ ರ‍್ಯಾಂಪ್ ಬೇಕಾಗುತ್ತದೆ. ಅಂದರೆ 1 ಮೀಟರ್ ಏರಲು 12 ಮೀಟರ್ ಉದ್ದ.

ಎತ್ತರಕ್ಕೆ ಖರ್ಚು ಮಾಡುವುದು ದಂಡ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅಮೆರಿಕದ ಮಿಯಾಮಿ ಬೀಚ್‌ನ 1111 ಲಿಂಕನ್ ರೋಡ್ ಎಂಬ ಕಟ್ಟಡ ನೋಡಿ. ಹೆರ್ಜಾಗ್ ಮತ್ತು ಡಿ ಮ್ಯುರಾನ್ ಎಂಬ ಸ್ವಿಸ್ ಆರ್ಕಿಟೆಕ್ಟ್‌ಗಳು ಮಾಡಿದ್ದು, 2010ರದು. ಸುಮಾರು 300 ಕಾರುಗಳ ಪಾರ್ಕಿಂಗ್ ಕಟ್ಟಡ, ಜೊತೆಗೆ ಅಂಗಡಿಗಳು. ಅಲ್ಲಿ ಕೆಲವು ಮಹಡಿಗಳು ಮಾಮೂಲಿ ಎತ್ತರ, ಕೆಲವು ಅದರ ಎರಡು ಮೂರು ಪಟ್ಟು. ಆ ಎತ್ತರದ ಮಹಡಿಗಳಲ್ಲಿ ಮದುವೆ, ಸಮಾರಂಭ ಕೂಡ ನಡೆಯುತ್ತವೆ. ಎತ್ತರ ಇದ್ದಿದ್ದಕ್ಕೇ ಅದು ಸಾಧ್ಯ ಆಯಿತು.

ಹಂತ 5: ನೆಲ ಎಷ್ಟು ಭಾರ ಹೊರಬೇಕು?

ಇಲ್ಲಿ ಎಲ್ಲರಿಗೂ ಆಶ್ಚರ್ಯ ಆಗುವ ಒಂದು ಸಂಗತಿ ಇದೆ. ಕಾರು ನಿಲ್ಲುವ ನೆಲಕ್ಕೆ ಹೋಲಿಸಿದರೆ ಅಂಗಡಿಯ ನೆಲಕ್ಕೇ ಭಾರದ ಲೆಕ್ಕ ಜಾಸ್ತಿ. ಅನೇಕ ದೇಶಗಳ ಸಂಹಿತೆಗಳಲ್ಲಿ ಸಣ್ಣ ಕಾರುಗಳ ಪಾರ್ಕಿಂಗ್‌ಗೆ ಚದರ ಮೀಟರಿಗೆ ಸುಮಾರು 250 ಕಿಲೋ, ಅಂಗಡಿಗೆ 400ರಿಂದ 500 ಕಿಲೋ ಹಿಡಿಯುತ್ತಾರೆ. ಜನ ಮತ್ತು ಸರಕು ಒತ್ತೊತ್ತಾಗಿ ತುಂಬುತ್ತವೆ, ಕಾರುಗಳು ಹಾಗೆ ತುಂಬುವುದಿಲ್ಲ.

ಹಾಗಾದರೆ ಶೋರೂಮಿಗೆ ಮಾಮೂಲಿ ನೆಲ ಸಾಕಾ? ಸಾಲದು. ಕಾರಿನ ಭಾರ ಹರಡಿಕೊಂಡು ಕೂರುವುದಿಲ್ಲ, ನಾಲ್ಕು ಚಿಕ್ಕ ಜಾಗಗಳ ಮೇಲೆ ಕೂರುತ್ತದೆ. ಜ್ಯಾಕ್ ಹಾಕಿ ಎತ್ತಿದರೆ ಇನ್ನೂ ಚಿಕ್ಕ ಜಾಗದ ಮೇಲೆ. ಇದಕ್ಕೆ ಪಾಯಿಂಟ್ ಲೋಡ್ ಅನ್ನುತ್ತಾರೆ. ಬ್ಯಾಟರಿ ಕಾರುಗಳು ಬಂದ ಮೇಲೆ ಇದು ಇನ್ನೂ ಮುಖ್ಯ. ದೊಡ್ಡ ಎಲೆಕ್ಟ್ರಿಕ್ ಕಾರು 2.5 ಟನ್ ದಾಟುವುದುಂಟು. ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಬರೀ "ಶೋರೂಮ್" ಅಂತ ಹೇಳಿ ಬಿಡಬೇಡಿ. ಅತಿ ಭಾರದ ಕಾರು ಯಾವುದು, ಅದು ಯಾವ ದಾರಿಯಲ್ಲಿ ಸಾಗುತ್ತದೆ ಅಂತ ಎರಡನೇ ಹಂತದ ನಕ್ಷೆ ಸಮೇತ ಕೊಡಿ.

ಇನ್ನೊಂದು ಎಚ್ಚರಿಕೆ. ಕಟ್ಟಡದ ಮುಂದಿನ ಅಂಗಳದ ಕೆಳಗೂ ನೆಲಮಾಳಿಗೆ ಚಾಚಿದ್ದರೆ, ಆ ಅಂಗಳ ನಿಜವಾಗಿ ಒಂದು ಸ್ಲ್ಯಾಬ್. ಅದರ ಮೇಲೆ ಟ್ರೇಲರ್ ಬರುತ್ತದೆ, ಅಗ್ನಿಶಾಮಕ ಗಾಡಿ ಬರುತ್ತದೆ. ಕಾರಿನ ಲೆಕ್ಕದಲ್ಲಿ ಅದನ್ನು ಕಟ್ಟಿದರೆ ಬೆಂಕಿ ಬಿದ್ದ ದಿನ ಗಾಡಿಯನ್ನು ಹತ್ತಿರ ತರಲಾಗುವುದಿಲ್ಲ.

ಚರಂಡಿಯ ಜಾಲರಿಯಂಥ ಚಿಕ್ಕ ವಸ್ತುವೂ ಇದೇ ಲೆಕ್ಕಕ್ಕೆ ಸೇರುತ್ತದೆ. ನಾನು ಒಮ್ಮೆ ಕಣ್ಣಾರೆ ನೋಡಿದ್ದು: ಶೋರೂಮಿನ ಗಾಜಿನ ಬಾಗಿಲ ಮುಂದೆ ಮಳೆನೀರು ತಡೆಯಲು ಉದ್ದಕ್ಕೂ ತೆಳ್ಳಗಿನ ಸ್ಟೀಲ್ ಜಾಲರಿ ಹಾಕಿದ್ದರು. ಮೊದಲ ಕಾರಿನ ಮುಂದಿನ ಚಕ್ರ ಹತ್ತಿದ ಕೂಡಲೇ ಅದು ಬಿಲ್ಲಿನ ಹಾಗೆ ಬಾಗಿತು, ಪಕ್ಕದ ಎರಡು ಟೈಲ್ಸ್ ಒಡೆದವು. ಯುರೋಪಿನ ಇಎನ್ 124 ಮಾನದಂಡದಲ್ಲಿ ಜಾಲರಿಗಳಿಗೆ ದರ್ಜೆ ಇದೆ: ಎ15 ನಡೆಯುವವರಿಗೆ, ಬಿ125 ಕಾರು ನಿಲ್ಲುವ ಜಾಗಕ್ಕೆ, ಡಿ400 ಲಾರಿ ಓಡುವ ರಸ್ತೆಗೆ. ಅಲ್ಲಿ ಹಾಕಿದ್ದು ಮೊದಲನೆಯದು.

ಹಂತ 6: ಇಳಿಜಾರು ಮತ್ತು ಕಾರ್ ಲಿಫ್ಟ್

ರ‍್ಯಾಂಪ್ 1:8ಕ್ಕಿಂತ ಕಡಿದಾಗಿರುವುದು ಬೇಡ. 1:10 ಆದರೆ ಇನ್ನೂ ಹಿತ. ಶುರುವಿನಲ್ಲೂ ಕೊನೆಯಲ್ಲೂ 3ರಿಂದ 4 ಮೀಟರ್ ದೂರ ಅರ್ಧ ಇಳಿಜಾರು ಕೊಡಿ. ಇಲ್ಲದಿದ್ದರೆ ಮೇಲಿನ ತುದಿಯಲ್ಲಿ ಕಾರಿನ ಹೊಟ್ಟೆ ಉಜ್ಜುತ್ತದೆ, ಕೆಳಗೆ ಮುಂದಿನ ಬಂಪರ್ ತಾಗುತ್ತದೆ. ಮಾರಾಟಕ್ಕೆ ಇಟ್ಟ ಹೊಸ ಕಾರಿಗೆ ಇದು ಆಗಬಾರದು, ಅಲ್ವಾ? 3.6 ಮೀಟರ್ ಇಳಿಯಲು 1:8 ಅಂದರೆ 29 ಮೀಟರ್ ಸಾಕು ಅನ್ನಿಸುತ್ತದೆ. ಎರಡು ತುದಿಯ ಅರ್ಧ ಇಳಿಜಾರು ಸೇರಿದರೆ 32 ಮೀಟರ್ ಆಗುತ್ತದೆ. ಈ ಮೂರು ಮೀಟರ್ ಎಷ್ಟೋ ನಕ್ಷೆಗಳಲ್ಲಿ ಕಾಣೆ.

ಜಾಗ ಇಲ್ಲದಿದ್ದರೆ ಕಾರ್ ಲಿಫ್ಟ್. ಪ್ರದರ್ಶನದ ಕಾರುಗಳನ್ನು ಅಪರೂಪಕ್ಕೆ ಮೇಲೆ ತರಲು ಅದು ಚೆನ್ನಾಗಿದೆ. ಗ್ರಾಹಕರ ಪಾರ್ಕಿಂಗ್‌ಗೆ ಲಿಫ್ಟ್ ಒಂದನ್ನೇ ನಂಬಬೇಡಿ. ರಜೆಯ ಸಂಜೆ ಅದು ಕೆಟ್ಟರೆ ಅಂಗಡಿಗಳ ವ್ಯಾಪಾರವೇ ನಿಲ್ಲುತ್ತದೆ.

ಹಂತ 7: ಗಾಜು ಮತ್ತು ಬೆಳಕು

ಹಗಲಲ್ಲಿ ರಸ್ತೆಯಲ್ಲಿ ನಿಂತು ಯಾವುದಾದರೂ ಗಾಜಿನ ಶೋರೂಮ್ ನೋಡಿ. ಒಳಗಿನ ಕಾರಿಗಿಂತ ಎದುರಿನ ಕಟ್ಟಡ, ಆಕಾಶ, ಹೋಗುವ ಬಸ್ಸು ಇವೇ ಗಾಜಿನಲ್ಲಿ ಕಾಣುತ್ತವೆ. ಕಾರಣ ಸರಳ. ಒಳಗೆ ಎಷ್ಟೇ ದೀಪ ಹಾಕಿದರೂ 500ರಿಂದ 1000 ಲಕ್ಸ್. ಲಕ್ಸ್ ಅಂದರೆ ಒಂದು ಮೇಲ್ಮೈ ಮೇಲೆ ಬೀಳುವ ಬೆಳಕಿನ ಅಳತೆ. ಹೊರಗೆ ಬಿಸಿಲಲ್ಲಿ ಅದೇ ಅಳತೆ 50,000 ದಾಟುತ್ತದೆ. ದೀಪ ಹೆಚ್ಚಿಸಿ ಸೂರ್ಯನ ಜೊತೆ ಪೈಪೋಟಿ ಮಾಡಲಾಗುವುದಿಲ್ಲ.

ಮಾಡಬಹುದಾದ್ದು, ಗಾಜಿನ ಮುಂದೆ ನೆರಳು ತರುವುದು. 2-3 ಮೀಟರ್ ಮುಂದಕ್ಕೆ ಚಾಚಿದ ಸಜ್ಜಾ ಹಾಕಿ. ಅದೇ ಸಜ್ಜಾದ ಕೆಳಗೆ ಅಂಗಡಿಗೆ ಬರುವವರು ಮಳೆ ಬಿಸಿಲಿಲ್ಲದೆ ನಡೆಯಬಹುದು. ಗಾಜನ್ನು ಮೇಲ್ಭಾಗ ಹೊರಕ್ಕೆ ಬರುವಂತೆ ಸ್ವಲ್ಪ ವಾಲಿಸಿದರೆ ಅದು ಆಕಾಶದ ಬದಲು ನೆಲವನ್ನು ಪ್ರತಿಬಿಂಬಿಸುತ್ತದೆ. ನೆಲ ಗಾಢ ಬಣ್ಣದ್ದಾಗಿದ್ದರೆ ಒಳಗಿನ ಕಾರು ಎದ್ದು ಕಾಣುತ್ತದೆ. ಕಪ್ಪು ಛಾಯೆಯ ಗಾಜು ಮಾತ್ರ ಮುಂಭಾಗಕ್ಕೆ ಬೇಡ. ಹಗಲಲ್ಲಿ ಅದು ಬರೀ ಕನ್ನಡಿ.

ಪಶ್ಚಿಮದ ಬಿಸಿಲು ಎಲ್ಲಕ್ಕಿಂತ ಕಷ್ಟ. ಸೂರ್ಯ ಕೆಳಗಿರುವುದರಿಂದ ಸಜ್ಜಾ ಅದನ್ನು ತಡೆಯುವುದಿಲ್ಲ. ರಸ್ತೆ ಪಶ್ಚಿಮಕ್ಕಿದ್ದರೆ ನಿಲುವಾದ ಪಟ್ಟಿಗಳೋ ಮರಗಳೋ ಬೇಕು. ಅಲ್ಲಿ ಮರ ನೆಡುವುದೇ ಒಳ್ಳೆಯದು ಅಂತ ನನಗೆ ಅನ್ನಿಸುತ್ತದೆ, ಕಾರಿಗೆ ಅಡ್ಡ ಬರದಂತೆ ಕೊಂಬೆ ಎತ್ತರದಲ್ಲಿ ಕವಲೊಡೆಯುವ ಮರ.

ಇನ್ನು ಒಳಗಿನ ದೀಪ. ಒಂದು ಕಪ್ಪು ಕಾರಿನ ಬಾನೆಟ್ ಹತ್ತಿರ ಬಗ್ಗಿ ನೋಡಿ. ಸೀಲಿಂಗ್‌ನಲ್ಲಿ ಚಿಕ್ಕ ಚಿಕ್ಕ ದುಂಡು ದೀಪ ಇದ್ದರೆ ಬಾನೆಟ್ ತುಂಬ ಬಿಳಿ ಚುಕ್ಕಿಗಳು, ಅಕ್ಕಿ ಚೆಲ್ಲಿದ ಹಾಗೆ. ಅದೇ ಉದ್ದನೆಯ ಪಟ್ಟಿ ದೀಪ ಇದ್ದರೆ ಒಂದು ಬೆಳಕಿನ ಗೆರೆ ಬಾನೆಟ್ ಮೇಲಿಂದ ಹರಿದು, ಬಾಗಿಲ ಮೇಲೆ ಬಾಗಿ, ಹಿಂದಿನ ಚಕ್ರದ ಮೇಲೆ ಏರಿ ಇಳಿಯುತ್ತದೆ. ಕಾರಿನ ಆಕಾರ ಕಣ್ಣಿಗೆ ಬರುವುದು ಆ ಗೆರೆಯಿಂದ. ಪಟ್ಟಿ ದೀಪಗಳನ್ನು ಕಾರು ನಿಲ್ಲುವ ದಿಕ್ಕಿಗೇ ಉದ್ದವಾಗಿ ಹಾಕಿ. ಬಣ್ಣಗಳು ನಿಜವಾಗಿ ಕಾಣಬೇಕು, ಅದಕ್ಕೆ ಸಿಆರ್‌ಐ 90ಕ್ಕಿಂತ ಮೇಲಿರಲಿ. ದೀಪದ ಬೆಳಕಲ್ಲಿ ಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆ ಅನ್ನುವುದಕ್ಕೆ 100ಕ್ಕೆ ಕೊಡುವ ಅಂಕ ಅದು. ಒಳಗೆ ಕೆಂಪು ಕಂಡ ಕಾರು ಹೊರಗೆ ಕಿತ್ತಳೆ ಕಂಡರೆ ಗ್ರಾಹಕರಿಗೆ ಮೋಸ ಹೋದಂತೆ ಅನ್ನಿಸುತ್ತದೆ.

ಪ್ರತಿ ಕಾರು ನಿಲ್ಲುವ ಜಾಗದ ಹತ್ತಿರ ನೆಲದಲ್ಲಿ ಒಂದು ಪ್ಲಗ್ ಪಾಯಿಂಟ್ ಕೊಡಿ. ಬಂದವರೆಲ್ಲ ಬಾಗಿಲು ತೆಗೆಯುತ್ತಾರೆ, ದೀಪ ಹಾಕುತ್ತಾರೆ, ಸ್ಕ್ರೀನ್ ಮುಟ್ಟುತ್ತಾರೆ. ಎಂಜಿನ್ ಓಡದೆ ದಿನವಿಡೀ ಹೀಗಾದರೆ ಕಾರಿನ 12 ವೋಲ್ಟ್ ಬ್ಯಾಟರಿ ಇಳಿದುಹೋಗುತ್ತದೆ. ಮೊದಲೇ ಪಾಯಿಂಟ್ ಇಡದಿದ್ದರೆ ಆಮೇಲೆ ಟೈಲ್ಸ್ ಮೇಲೆ ವೈರ್ ಎಳೆಯಬೇಕು, ಜನ ಎಡವಬೇಕು.

ಹಂತ 8: ಅಂಗಡಿಗಳನ್ನು ಜೋಡಿಸುವುದು

ಇಲ್ಲಿ ಒಂದು ತಪ್ಪು ಲೆಕ್ಕ ಇದೆ. ಶೋರೂಮ್ ದೊಡ್ಡದು, ಹಾಗಾಗಿ ಅದೇ ಜನರನ್ನು ಸೆಳೆಯುತ್ತದೆ ಅಂದುಕೊಳ್ಳುತ್ತಾರೆ. ಕಾರನ್ನು ಜನ ವರ್ಷಗಳಿಗೊಮ್ಮೆ ಕೊಳ್ಳುತ್ತಾರೆ. ದಿನಸಿ, ಔಷಧಿ, ತಿಂಡಿಗೆ ವಾರಕ್ಕೆ ಎರಡು ಮೂರು ಸಲ ಬರುತ್ತಾರೆ. ಜನರನ್ನು ತರುವುದು ಅಂಗಡಿಗಳೇ. ಶೋರೂಮ್ ರಸ್ತೆಯಿಂದ ಕಾಣುವ ಮುಖ. ಹಾಗಾಗಿ ರಸ್ತೆ ಉದ್ದಕ್ಕೂ ಇರುವ ಮುಂಭಾಗವನ್ನು ಪೂರ್ತಿ ಶೋರೂಮಿಗೇ ಕೊಟ್ಟು ಅಂಗಡಿಗಳನ್ನು ಹಿಂದೆ ತಳ್ಳಿದರೆ ಅವು ಖಾಲಿ ಬೀಳುತ್ತವೆ. ಮೂಲೆಯನ್ನು ಶೋರೂಮಿಗೆ ಕೊಡಿ, ಉಳಿದ ಮುಂಭಾಗ ಅಂಗಡಿಗಳಿಗಿರಲಿ.

ಮೇಲಿನ ಮಹಡಿಯ ಅಂಗಡಿಗೆ ಹೋಗುವ ಮೆಟ್ಟಿಲು, ಲಿಫ್ಟ್ ರಸ್ತೆಯಿಂದಲೇ ಕಾಣಬೇಕು. ಶೋರೂಮಿನ ಒಳಗಿಂದ ಹಾದು ಹೋಗುವ ದಾರಿ ಬೇಡ. ಶೋರೂಮ್ ಸಂಜೆ ಬಾಗಿಲು ಹಾಕಿದ ಮೇಲೂ ಊಟದ ಜಾಗಗಳು ತೆರೆದಿರುತ್ತವೆ. ಇದರಿಂದ ಒಂದು ಅನುಕೂಲವೂ ಇದೆ: ಹಗಲು ಶೋರೂಮಿನವರು ಬಳಸಿದ ಪಾರ್ಕಿಂಗನ್ನು ರಾತ್ರಿ ಊಟಕ್ಕೆ ಬಂದವರು ಬಳಸಬಹುದು. ಗಂಟೆಗಂಟೆಗೆ ಯಾರಿಗೆ ಎಷ್ಟು ಕಾರು ಅಂತ ಒಂದು ಪಟ್ಟಿ ಮಾಡಿ ನೋಡಿ.

ಅಡುಗೆ ಮಾಡುವ ಅಂಗಡಿ ಒಂದಾದರೂ ಬರುತ್ತದೆ ಅಂತಲೇ ಇಟ್ಟುಕೊಳ್ಳಿ. ಹೊಗೆ ಹೋಗಲು ತಾರಸಿ ತನಕ ಶಾಫ್ಟ್, ಜಿಡ್ಡು ತಡೆಯುವ ಗುಂಡಿ, ಕಸಕ್ಕೆ ಬೇರೆ ಕೋಣೆ ಮೊದಲೇ ಇಡಿ. ಇಲ್ಲದಿದ್ದರೆ ಒಗ್ಗರಣೆಯ ಘಾಟು ಹೊಸ ಕಾರಿನ ಸೀಟಿಗೆ ಹತ್ತುತ್ತದೆ.

ಹಂತ 9: ಬೆಂಕಿ, ಗಾಳಿ, ಕರೆಂಟು

ಪಾರ್ಕಿಂಗ್, ಶೋರೂಮ್, ಅಂಗಡಿ, ಸರ್ವಿಸ್ ನಾಲ್ಕನ್ನೂ ಬೆಂಕಿ ತಡೆಯುವ ಗೋಡೆ ಮತ್ತು ಬಾಗಿಲಿನಿಂದ ಬೇರೆ ಮಾಡಿ. ಎಷ್ಟು ಗಂಟೆ ತಡೆಯಬೇಕು ಅನ್ನುವುದು ನಿಮ್ಮ ಊರಿನ ನಿಯಮದಲ್ಲಿ ಇರುತ್ತದೆ. ಎರಡು ಮಹಡಿ ಎತ್ತರದ ತೆರೆದ ಶೋರೂಮ್ ಇದ್ದರೆ ಕೆಳಗಿನ ಹೊಗೆ ನೇರ ಮೇಲಿನ ಅಂಗಡಿಗೆ ಏರುತ್ತದೆ. ಅಲ್ಲಿ ಗಾಜಿನ ತಡೆಯೋ ಹೊಗೆ ತಡೆಯುವ ಪರದೆಯೋ ಬೇಕು.

ಕಾರು ಒಳಗೆ ತರುವ ದೊಡ್ಡ ಗಾಜಿನ ಬಾಗಿಲನ್ನು ತುರ್ತು ಬಾಗಿಲು ಅಂತ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಉದ್ಘಾಟನೆ ಆದ ವಾರದಲ್ಲೇ ಅದರ ಮುಂದೆ ಒಂದು ಕಾರು ನಿಂತಿರುತ್ತದೆ.

ಎಲೆಕ್ಟ್ರಿಕ್ ಕಾರಿನ ಚಾರ್ಜರ್ ಬಗ್ಗೆ ಈಗಲೇ ಯೋಚಿಸಿ. ನಿಧಾನದ ಚಾರ್ಜರ್ ಒಂದಕ್ಕೆ 7 ಕಿಲೋವ್ಯಾಟ್, ವೇಗದ ಒಂದಕ್ಕೆ 50ರಿಂದ 150 ಅಥವಾ ಇನ್ನೂ ಜಾಸ್ತಿ. ವೇಗದ್ದು ನಾಲ್ಕು ಸೇರಿದರೆ ಇಡೀ ಅಂಗಡಿ ಸಾಲಿಗಿಂತ ಹೆಚ್ಚು ಕರೆಂಟು ಬೇಕಾದೀತು. ಟ್ರಾನ್ಸ್‌ಫಾರ್ಮರ್ ಕೋಣೆಯಲ್ಲಿ ಎರಡನೆಯದಕ್ಕೂ ಜಾಗ ಬಿಡಿ. ಖಾಲಿ ಕೊಳವೆಗಳನ್ನು ಈಗಲೇ ಹೂಳಿಡಿ. ವೇಗದ ಚಾರ್ಜರ್‌ಗಳು ತೆರೆದ ಅಂಗಳದಲ್ಲಿದ್ದರೆ ಒಳ್ಳೆಯದು. ಅಪಘಾತದಲ್ಲಿ ಬ್ಯಾಟರಿಗೆ ಪೆಟ್ಟಾದ ಕಾರು ಸರ್ವಿಸ್‌ಗೆ ಬಂದರೆ ಅದನ್ನು ಒಳಗೆ ತರಲೇಬಾರದು. ಕಟ್ಟಡದಿಂದ, ಬೇರೆ ಗಾಡಿಗಳಿಂದ ಸುಮಾರು 15 ಮೀಟರ್ ದೂರದಲ್ಲಿ ಬಯಲಲ್ಲಿ ನಿಲ್ಲಿಸಲು ಒಂದು ಜಾಗ ಗುರುತಿಸಿ. ಇಂಥ ಬ್ಯಾಟರಿ ಗಂಟೆಗಳೋ ದಿನಗಳೋ ಕಳೆದ ಮೇಲೂ ಹೊತ್ತಿಕೊಳ್ಳಬಹುದು.

ನೀರು, ಕರೆಂಟಿಗೆ ಪ್ರತಿಯೊಬ್ಬ ಬಾಡಿಗೆದಾರರಿಗೂ ಬೇರೆ ಮೀಟರ್. ಕಾರು ತೊಳೆದ ನೀರು ಎಣ್ಣೆ ಬೇರ್ಪಡಿಸುವ ಗುಂಡಿ ದಾಟಿಯೇ ಚರಂಡಿಗೆ ಹೋಗಬೇಕು.

ಹಂತ 10: ಬ್ರ್ಯಾಂಡ್ ಹೋದರೂ ಕಟ್ಟಡ ಉಳಿಯಬೇಕು

1955ರಲ್ಲಿ ನ್ಯೂಯಾರ್ಕಿನ ಪಾರ್ಕ್ ಅವೆನ್ಯೂನಲ್ಲಿ ಅಮೆರಿಕದ ಹೆಸರಾಂತ ಆರ್ಕಿಟೆಕ್ಟ್ ಫ್ರಾಂಕ್ ಲಾಯ್ಡ್ ರೈಟ್ ಮಾಡಿದ ಒಂದು ಕಾರ್ ಶೋರೂಮ್ ತೆರೆಯಿತು. ಕಚೇರಿ ಕಟ್ಟಡದ ಕೆಳಮಹಡಿಯಲ್ಲಿ, ಸುತ್ತಿಕೊಂಡು ಏರುವ ರ‍್ಯಾಂಪ್ ಮೇಲೆ ಕಾರುಗಳು. ಕಾರಿನವರು ಖಾಲಿ ಮಾಡಿದ ಮೇಲೆ 2013ರಲ್ಲಿ ಅದನ್ನು ಕೆಡವಿದರು. ನನಗೆ ಅದು ಇವತ್ತಿಗೂ ಬೇಜಾರು. ಆದರೆ ಬಾಡಿಗೆದಾರರು ಬದಲಾಗುವುದು ಈ ವ್ಯಾಪಾರದ ಸಹಜ ಸ್ಥಿತಿ. ಕಂಪನಿಗಳು ಬ್ರ್ಯಾಂಡ್ ಮ್ಯಾನುಯಲ್ಲನ್ನೂ ಆಗಾಗ ಬದಲಿಸುತ್ತಿರುತ್ತವೆ.

ಆದ್ದರಿಂದ ಬ್ರ್ಯಾಂಡಿನ ಬಣ್ಣ, ಫಲಕ, ಸೀಲಿಂಗ್ ಎಲ್ಲ ಬೋಲ್ಟ್ ಬಿಚ್ಚಿ ತೆಗೆಯುವಂತಿರಲಿ. ಕಾಂಕ್ರೀಟಿನಲ್ಲಿ ಬ್ರ್ಯಾಂಡಿನ ಆಕಾರ ಮಾಡಬೇಡಿ. ಎಲ್ಲ ಅಂಗಡಿಗಳ ಬೋರ್ಡಿಗೂ ಒಂದೇ ಎತ್ತರದ ಪಟ್ಟಿ ಗುರುತಿಸಿ, ಅದರ ಹಿಂದೆ ಕಬ್ಬಿಣದ ಆಧಾರ, ಕರೆಂಟು ಎರಡನ್ನೂ ಇಡಿ. 6 ಮೀಟರ್ ಎತ್ತರದ ಶೋರೂಮ್ ನಾಳೆ ಸೂಪರ್ ಮಾರ್ಕೆಟ್ ಆಗಬಹುದು, ನಡುವೆ ಮಹಡಿ ಹಾಕಿ ಎಂಟು ಅಂಗಡಿ ಆಗಬಹುದು. ಆ ಮಹಡಿಯ ಭಾರವನ್ನು ಅಡಿಪಾಯದ ಲೆಕ್ಕದಲ್ಲಿ ಈಗಲೇ ಸೇರಿಸಿ. ಆಮೇಲೆ ಅಡಿಪಾಯ ಬಲಪಡಿಸುವುದಕ್ಕಿಂತ ಇದು ಎಷ್ಟೋ ಅಗ್ಗ.

ಹಂತ 11: ಟೈಲ್ಸ್ ಹಾಕುವ ಮೊದಲು ಕಾರು ತನ್ನಿ

ಸ್ಲ್ಯಾಬ್ ಮುಗಿದು, ಗಾಜು ಬರುವ ಮೊದಲು ಒಂದು ದಿನ ಇದಕ್ಕೇ ಇಡಿ. ಸುಣ್ಣದ ಪುಡಿಯಲ್ಲಿ ಬಾಗಿಲು, ಮೇಜು, ಗೋಡೆ, ಕಾರು ನಿಲ್ಲುವ ಜಾಗ ಎಲ್ಲವನ್ನೂ ನಿಜವಾದ ಅಳತೆಯಲ್ಲಿ ನೆಲದ ಮೇಲೆ ಗುರುತು ಹಾಕಿಸಿ. ಆಮೇಲೆ ಕಂಪನಿಯ ಅತಿ ಉದ್ದದ ಕಾರನ್ನು ತರಿಸಿ. ಓಡಿಸುವವರು ಅಷ್ಟೇನೂ ಪಳಗಿದವರಾಗಿರಬಾರದು. ಎಲ್ಲಾ ಜಾಗಕ್ಕೂ ಒಮ್ಮೆ ಕಾರು ನಿಲ್ಲಿಸಿ, ವಾಪಸ್ ತೆಗೆಯಿರಿ. ಮೂರನೇ ಕಾರು ಹೊರಗೆ ತೆಗೆಯಲು ಮೊದಲ ಎರಡನ್ನು ತೆಗೆಯಬೇಕಾ? ಹಾಗಿದ್ದರೆ ಜೋಡಣೆ ಬದಲಿಸಿ. ಕಾರು ಬರುವ ಬಾಗಿಲಿಗೆ 3 ಮೀಟರ್ ಅಗಲ ಇಟ್ಟಿದ್ದೀರಿ ಅಂದುಕೊಳ್ಳಿ, ಆದರೆ ತೆರೆದ ಗಾಜಿನ ಬಾಗಿಲು ತಾನೇ ಎಷ್ಟು ಜಾಗ ತಿನ್ನುತ್ತದೆ ಅಂತಲೂ ಅಳೆಯಿರಿ. ಚಕ್ರ ನಿಂತಲ್ಲೇ ತಿರುಗಿದ ಕಡೆ ಕಪ್ಪು ಗುರುತು ಬೀಳುತ್ತದೆ. ಆ ಜಾಗಗಳ ಫೋಟೋ ತೆಗೆದುಕೊಂಡು ಟೈಲ್ಸ್ ಆರಿಸುವವರಿಗೆ ಕೊಡಿ. ಅಲ್ಲಿ ತೆಳು ಬಣ್ಣದ ನುಣುಪು ಟೈಲ್ಸ್ ಬೇಡ.

ಪುಡಿಯ ಗೆರೆಯನ್ನು ಚಕ್ರ ಎಲ್ಲೆಲ್ಲಿ ಅಳಿಸಿತು ಅಂತ ಸಂಜೆ ನೋಡಿ. ಅಲ್ಲೆಲ್ಲ ಗೋಡೆಯನ್ನು ಅರ್ಧ ಅಡಿ ಸರಿಸಿ.